ಇಪ್ಪತ್ತಾರು ಅಂಕಿಗಳ ಒಂದು ಸಂಖ್ಯೆ ಮತ್ತು ಒಂಬತ್ತರ ಸಾಕ್ಷ್ಯ

1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅಲ್ಲಿನ ಕಂಪ್ಯೂಟರ್ ವಿಭಾಗದವರು ಹದಿಮೂರು ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಯಾದೃಚ್ಛಿಕವಾಗಿ ಆರಿಸಿ ಶಕುಂತಲಾ ದೇವಿಯವರ ಮುಂದಿಟ್ಟರು. ಮೊದಲನೆಯದು 7,686,369,774,870. ಎರಡನೆಯದು 2,465,099,745,779. ಇವೆರಡನ್ನೂ ಗುಣಿಸಿ ಆಕೆ ಕೊಟ್ಟ ಉತ್ತರ 18,947,668,177,995,426,462,773,730. ಇದಕ್ಕೆ ಆಕೆ ತೆಗೆದುಕೊಂಡ ಕಾಲ 28 ಸೆಕೆಂಡು. 1982ರ ಗಿನ್ನೆಸ್ ದಾಖಲೆಗಳ ಪುಸ್ತಕದಲ್ಲಿ ಈ ಸಾಧನೆ ಸೇರಿತು.

ಬೆಂಗಳೂರಿನ ಕನ್ನಡ ಕುಟುಂಬವೊಂದರಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿಯವರು ನಮ್ಮ ಮುಂಬಯಿಗೂ ಹೊರಗಿನವರಲ್ಲ. ಅದೇ 1980ರ ಆರಂಭದಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಅವರು ಆಗಿನ ಬೊಂಬಾಯಿ ದಕ್ಷಿಣ ಕ್ಷೇತ್ರದಿಂದ ಪಕ್ಷೇತರರಾಗಿ ಸ್ಪರ್ಧಿಸಿದ್ದರು. 2013ರಲ್ಲಿ ಬೆಂಗಳೂರಿನಲ್ಲಿಯೇ ಅವರು ತೀರಿಕೊಂಡರು. ಅವರ ವಿಷಯ ಬಂದಾಗಲೆಲ್ಲ ನಾವು ವೇಗವನ್ನು ಕುರಿತು ಮಾತನಾಡುತ್ತೇವೆ. ಆದರೆ ಆ ದಿನ ಹುಟ್ಟಿಬಂದ ಸಂಖ್ಯೆಯನ್ನು ಕುರಿತು ಯಾರೂ ಕೇಳುವುದಿಲ್ಲ. ಆ ಸಂಖ್ಯೆ ಎಂಥದು? ಅದರ ಒಳಗೆ ಏನಿದೆ? ಗುಣಾಕಾರವನ್ನು ಪೂರ್ತಿಯಾಗಿ ಮಾಡದೆ ಅದು ಸರಿಯೋ ತಪ್ಪೋ ಎಂದು ಸಾಮಾನ್ಯನೊಬ್ಬ ಪರೀಕ್ಷಿಸಬಹುದೇ? ನಾನು ಗಣಿತಜ್ಞನಲ್ಲ, ಕಲಾ ವಿಭಾಗದ ಪದವೀಧರ. ಮೂವತ್ತು ವರ್ಷಗಳಿಗೂ ಮೀರಿ ಬ್ಯಾಂಕಿನಲ್ಲಿ ಇತರರ ಅಂಕಿಗಳನ್ನು ತಾಳೆ ನೋಡುತ್ತಾ ಬಂದವನು. ಈ ಪ್ರಶ್ನೆಗಳಿಗೆ ಒಂದು ಪೆನ್ಸಿಲು ಮತ್ತು ಒಂದು ಹಾಳೆಯಿಂದ ಎಷ್ಟು ಉತ್ತರ ಸಿಗುತ್ತದೆಯೋ ಅಷ್ಟನ್ನು ಓದುಗರ ಮುಂದಿಡುತ್ತಿದ್ದೇನೆ.

ಮೊದಲು ಗಾತ್ರದ ವಿಚಾರ. ಉತ್ತರದಲ್ಲಿರುವುದು 26 ಅಂಕಿಗಳು. ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಗುಣಿಸಿದರೆ ಬರುವುದು 25 ಅಥವಾ 26 ಅಂಕಿಗಳು ಮಾತ್ರ. ಇಲ್ಲಿ ಮೊದಲ ಅಂಕಿಗಳಾದ 7 ಮತ್ತು 2ನ್ನು ಗುಣಿಸಿದರೆ ಹತ್ತನ್ನು ಮೀರುವುದರಿಂದ 26 ಬರಲೇಬೇಕು. ಕೋಟಿಯ ಲೆಕ್ಕದಲ್ಲಿ ಹೇಳುವುದಾದರೆ ಮೊದಲ ಸಂಖ್ಯೆಯೊಂದೇ ಏಳು ಲಕ್ಷ ಅರವತ್ತೆಂಟು ಸಾವಿರದ ಆರುನೂರ ಮೂವತ್ತಾರು ಕೋಟಿಯನ್ನು ದಾಟುತ್ತದೆ. ಗುಣಲಬ್ಧವನ್ನು ಹೇಳಲು ನಮ್ಮ ದಿನಬಳಕೆಯ ಲಕ್ಷ ಕೋಟಿಗಳು ಸಾಲುವುದಿಲ್ಲ.

ಆದರೆ ಕನ್ನಡನಾಡಿನಲ್ಲಿ ಹೆಸರುಗಳ ಕೊರತೆ ಇರಲಿಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ 24 ಸ್ಥಾನಗಳಿಗೆ ಹೆಸರುಗಳಿವೆ. ಏಕ, ದಶ, ಶತ, ಸಹಸ್ರ ಎಂದು ಆರಂಭವಾಗಿ ಕೋಟಿ, ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತಿ, ಕ್ಷೋಭ ಇವುಗಳನ್ನು ದಾಟಿ ಕೊನೆಗೆ ಬರುವುದು ಮಹಾಕ್ಷೋಭ. ಒಂದರ ಮುಂದೆ 23 ಸೊನ್ನೆಗಳನ್ನು ಬರೆದರೆ ಮಹಾಕ್ಷೋಭವಾಗುತ್ತದೆ. ಮಹಾವೀರನ ಭಾಷೆಯಲ್ಲಿ ಶಕುಂತಲಾ ದೇವಿಯವರ ಉತ್ತರ ನೂರ ಎಂಬತ್ತೊಂಬತ್ತು ಮಹಾಕ್ಷೋಭಗಳಿಗಿಂತ ತುಸು ಹೆಚ್ಚು. ಆತನ ಪಟ್ಟಿಯ ಕೊನೆಯ ಮನೆಯನ್ನೂ ಅದು ಎರಡು ಸ್ಥಾನಗಳಷ್ಟು ಮೀರಿದೆ.

ಮಹಾವೀರನಿಗೆ ದೊಡ್ಡ ಸಂಖ್ಯೆಗಳ ಗಾತ್ರದಷ್ಟೇ ಅವುಗಳ ರೂಪವೂ ಪ್ರಿಯವಾಗಿತ್ತು. ಕೊರಳ ಹಾರದಂತೆ ಎರಡು ತುದಿಗಳಿಂದಲೂ ಒಂದೇ ರೀತಿ ಕಾಣುವ ಗುಣಲಬ್ಧಗಳನ್ನು ಆತ ಉದಾಹರಣೆಗಳಾಗಿ ಕೊಟ್ಟಿದ್ದಾನೆ. 12345654321 ಎಂಬುದು ಅವುಗಳಲ್ಲಿ ಒಂದು. 27994681ನ್ನು 441ರಿಂದ ಗುಣಿಸಿದರೆ ಅದು ಬರುತ್ತದೆ. 111111ನ್ನು ಅದರಿಂದಲೇ ಗುಣಿಸಿದರೂ ಬರುತ್ತದೆ. ಇಂಥ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ ಹಾರ ಹರಿದದ್ದು ಕಣ್ಣಿಗೇ ಕಾಣುತ್ತದೆ. ಲಂಡನ್ನಿನ ಸಂಖ್ಯೆಗೆ ಅಂಥ ರೂಪವಿಲ್ಲ. ಜನಸಂದಣಿಯಲ್ಲಿ ಕಂಡ ಅಪರಿಚಿತ ಮುಖದಂತೆ ಅದು ಯಾವ ಗುರುತನ್ನೂ ತಾನಾಗಿ ಹೇಳುವುದಿಲ್ಲ. ಅದನ್ನು ಅರಿಯಬೇಕಾದರೆ ನಾವೇ ಪ್ರಶ್ನೆ ಕೇಳಬೇಕು. ದೊಡ್ಡ ಸಂಖ್ಯೆಗೆ ಪ್ರಶ್ನೆ ಕೇಳುವುದೆಂದರೆ ಅದನ್ನು ಸಣ್ಣ ಸಂಖ್ಯೆಯೊಂದರಿಂದ ಭಾಗಿಸಿ ಉಳಿಯುವ ಶೇಷವನ್ನು ನೋಡುವುದು.

ಎಲ್ಲಕ್ಕಿಂತ ಹಳೆಯ ಹಾಗೂ ಸುಲಭವಾದ ಪ್ರಶ್ನೆ ಒಂಬತ್ತರದು. ಎರಡನೆಯ ಆರ್ಯಭಟನ 'ಮಹಾಸಿದ್ಧಾಂತ'ದಲ್ಲಿಯೂ ಒಂಬತ್ತರ ಈ ಪರೀಕ್ಷೆ ಇದೆ. ಇದರ ಮರ್ಮ ಇಷ್ಟೇ: ಹತ್ತು ಎಂದರೆ ಒಂಬತ್ತು ಮತ್ತು ಒಂದು, ನೂರು ಎಂದರೆ ತೊಂಬತ್ತೊಂಬತ್ತು ಮತ್ತು ಒಂದು, ಸಾವಿರ ಎಂದರೆ ಒಂಬೈನೂರ ತೊಂಬತ್ತೊಂಬತ್ತು ಮತ್ತು ಒಂದು. ಅಂದರೆ ಯಾವ ಸ್ಥಾನದ ಒಂದು ಘಟಕವನ್ನೇ ಆಗಲಿ ಒಂಬತ್ತರಿಂದ ಭಾಗಿಸಿದರೆ ಉಳಿಯುವುದು ಒಂದೇ. ಆದ್ದರಿಂದ ಸಂಖ್ಯೆಯ ಅಂಕಿಗಳನ್ನು ಕೂಡಿದರೆ ಸಾಕು, ಒಂಬತ್ತರ ಶೇಷ ಕೈಗೆ ಬರುತ್ತದೆ.

ನಮ್ಮ ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78. ಏಳು ಮತ್ತು ಎಂಟು ಹದಿನೈದು, ಒಂದು ಮತ್ತು ಐದು ಆರು. ಎರಡನೆಯದರ ಮೊತ್ತ 74. ಅದು ಹನ್ನೊಂದಾಗಿ, ಕೊನೆಗೆ ಎರಡಾಗುತ್ತದೆ. ಆರೆರಡಲ ಹನ್ನೆರಡು, ಒಂದು ಮತ್ತು ಎರಡು ಮೂರು. ಹಾಗಾದರೆ ಉತ್ತರದ ಶೇಷವೂ ಮೂರೇ ಆಗಬೇಕು. ಉತ್ತರದ 26 ಅಂಕಿಗಳನ್ನು ಕೂಡಿ ನೋಡಿರಿ: 138. ಒಂದು, ಮೂರು, ಎಂಟು ಸೇರಿ ಹನ್ನೆರಡು. ಒಂದು ಮತ್ತು ಎರಡು ಮೂರು. ತಾಳೆಯಾಯಿತು.

ಈ ಒಂಬತ್ತರೊಂದಿಗೆ ನನಗೆ ಹಳೆಯ ಪರಿಚಯವಿದೆ. 1990ರ ದಶಕದ ಆರಂಭದಲ್ಲಿ ನಾನು ಉಪನಗರದ ಬ್ಯಾಂಕ್ ಶಾಖೆಯೊಂದರಲ್ಲಿ ಪ್ರೊಬೇಷನ್ ಅವಧಿಯಲ್ಲಿದ್ದೆ. ಆಗ ಉಳಿತಾಯ ಖಾತೆಗಳ ಲೆಡ್ಜರುಗಳನ್ನು ಕೈಯಲ್ಲೇ ಬರೆಯುತ್ತಿದ್ದೆವು. ಅರ್ಧವಾರ್ಷಿಕ ಲೆಕ್ಕದ ದಿನ ನಾನು ಬರೆದ ಲೆಡ್ಜರಿನ ಬಾಕಿಗಳ ಮೊತ್ತ ಜನರಲ್ ಲೆಡ್ಜರಿಗೆ ತಾಳೆಯಾಗದೆ 5,400 ರೂಪಾಯಿ ಕಡಿಮೆ ಬಂತು. ಮೂರು ಬಾರಿ ಕೂಡಿದರೂ ಅದೇ ಅಂತರ. ರಾತ್ರಿ ಒಂಬತ್ತು ದಾಟಿತ್ತು. ಕೆಲಸ ಕಾಯಂ ಆಗಬೇಕಾದ ಹೊತ್ತಿನಲ್ಲಿ ಎಲ್ಲರ ಕಣ್ಣೂ ನನ್ನ ಮೇಲೆಯೇ ಇದ್ದಂತೆ ನನಗೆ ತೋರುತ್ತಿತ್ತು. ನಮ್ಮ ಶಾಖೆಯಲ್ಲಿ ದಕ್ಷಿಣ ಕನ್ನಡದ ಒಬ್ಬ ಹಿರಿಯ ಗುಮಾಸ್ತರಿದ್ದರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು. ಅವರು ಹತ್ತಿರ ಬಂದು, "ಎಷ್ಟು ವ್ಯತ್ಯಾಸ ಮಾರಾಯ?" ಎಂದು ಕೇಳಿದರು.

"5,400 ಅಣ್ಣಾ."

"ಒಂಬತ್ತರಿಂದ ಭಾಗಿಸಿ ನೋಡು. ಶೇಷ ಉಳೀತದಾ?"

ಉಳಿಯಲಿಲ್ಲ, ಸರಿಯಾಗಿ 600 ಬಂತು. "ಹಾಗಾದ್ರೆ ಸಾವಿರದ ಮನೆ, ನೂರರ ಮನೆ ಎರಡನ್ನೇ ನೋಡು. ಅಕ್ಕಪಕ್ಕದ ಅಂಕಿಗಳ ನಡುವೆ ಆರರ ಅಂತರ ಇರುವಲ್ಲಿ ಎಲ್ಲಿಯೋ ಅದಲುಬದಲಾಗಿದೆ," ಎಂದರು. ಕಾಲು ಗಂಟೆಯೊಳಗೆ ಸಿಕ್ಕಿತು. 18,240 ಎಂದಿರಬೇಕಾದ ಬಾಕಿಯನ್ನು ನಾನು 12,840 ಎಂದು ಮುಂದಿನ ಪುಟಕ್ಕೆ ಇಳಿಸಿದ್ದೆ. ಅದು ಗಿರಣಿಯ ಕೆಲಸ ಕಳೆದುಕೊಂಡಿದ್ದ ಒಬ್ಬ ಮುದುಕರ ಖಾತೆ. ಆ 5,400 ರೂಪಾಯಿ ಅವರಿಗೆ ಏನೆಂಬುದು ನನಗೆ ಗೊತ್ತಿತ್ತು. ಆ ರಾತ್ರಿ ಕೊನೆಯ ಲೋಕಲಿನಲ್ಲಿ ಮನೆಗೆ ಹೋಗುವಾಗ ನನ್ನ ಕೈ ಇನ್ನೂ ನಡುಗುತ್ತಿತ್ತು.

ಅವರ ಸೂತ್ರದ ಕಾರಣ ನನಗೆ ಆಮೇಲೆ ತಿಳಿಯಿತು. ಹತ್ತರ ಮನೆಯ ಅಂಕಿಯೂ ಬಿಡಿಯ ಮನೆಯ ಅಂಕಿಯೂ ಸ್ಥಳ ಬದಲಿಸಿದರೆ ಆಗುವ ವ್ಯತ್ಯಾಸ, ಆ ಎರಡು ಅಂಕಿಗಳ ಅಂತರದ ಒಂಬತ್ತರಷ್ಟು. 72ನ್ನು 27 ಎಂದು ಬರೆದರೆ ಅಂತರ 45, ಅಂದರೆ ಐದರ ಒಂಬತ್ತರಷ್ಟು. ನೂರು ಮತ್ತು ಸಾವಿರದ ಮನೆಗಳಾದರೆ ಅದು ಒಂಬೈನೂರರಷ್ಟಾಗುತ್ತದೆ. ಆರನ್ನು ಒಂಬೈನೂರರಿಂದ ಗುಣಿಸಿದರೆ 5,400.

ಮರುವರ್ಷ ಇನ್ನೊಂದು ಲೆಡ್ಜರಿನಲ್ಲಿ 1,800 ರೂಪಾಯಿಯ ವ್ಯತ್ಯಾಸ ಬಂತು. ಒಂಬತ್ತರಿಂದ ಭಾಗಿಸಿದೆ, 200 ಬಂತು. ಕಲಿತ ಜಂಬದಲ್ಲಿ ಎರಡರ ಅಂತರವಿರುವ ಅಂಕಿಗಳನ್ನೇ ಸಂಜೆಯಿಡೀ ಹುಡುಕಿದೆ. ಅಂಕಿ ಎಲ್ಲಿಯೂ ಅದಲುಬದಲಾಗಿರಲಿಲ್ಲ. 1,800 ರೂಪಾಯಿಯ ಒಂದು ಚೀಟಿಯನ್ನೇ ನಾನು ಬರೆಯಲು ಬಿಟ್ಟಿದ್ದೆ. ಆ ಹಿರಿಯರು ನಕ್ಕು, "ಒಂಬತ್ತು ಸಾಕ್ಷಿ ಹೇಳ್ತದೆ ಮಾರಾಯ, ತೀರ್ಪು ಕೊಡುವುದಿಲ್ಲ," ಎಂದರು.

ಆ ಮಾತನ್ನು ಈಗ ಲಂಡನ್ನಿನ ಸಂಖ್ಯೆಗೆ ಅನ್ವಯಿಸಿ ನೋಡೋಣ. ಒಂಬತ್ತರ ಪರೀಕ್ಷೆ ತಾಳೆಯಾಯಿತು ನಿಜ. ಆದರೆ ಉತ್ತರದ ನಡುವಿನ 995 ಎಂಬ ಗುಂಪನ್ನು ಯಾರಾದರೂ 959 ಎಂದು ಬರೆದಿದ್ದರೆ? ಅಂಕಿಗಳು ಅವೇ ಆದ್ದರಿಂದ ಮೊತ್ತ ಆಗಲೂ 138. ಒಂಬತ್ತು ಆ ತಪ್ಪು ಉತ್ತರವನ್ನೂ ಸರಿ ಎನ್ನುತ್ತಿತ್ತು. ಲೆಡ್ಜರಿನಲ್ಲಿ ಅದಲುಬದಲನ್ನು ಹಿಡಿದುಕೊಟ್ಟ ಗುಣವೇ ಇಲ್ಲಿ ಅದನ್ನು ಮರೆಮಾಡುತ್ತದೆ. ಅಲ್ಲಿ ವ್ಯತ್ಯಾಸ ಮೊದಲೇ ನಮ್ಮ ಕೈಯಲ್ಲಿತ್ತು, ಅದು ಒಂಬತ್ತರ ಗುಣಕವೆಂಬುದೇ ಸುಳಿವಾಯಿತು. ಇಲ್ಲಿ ವ್ಯತ್ಯಾಸವಿದೆಯೇ ಎಂಬುದೇ ಪ್ರಶ್ನೆ. ಒಂಬತ್ತರ ಗುಣಕವಾದ ವ್ಯತ್ಯಾಸ ಒಂಬತ್ತರ ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ಎರಡನೆಯ ಸಾಕ್ಷಿಯಾಗಿ ಹನ್ನೊಂದನ್ನು ಕರೆಯಬೇಕು. ಹತ್ತು ಎಂದರೆ ಹನ್ನೊಂದಕ್ಕೆ ಒಂದು ಕಡಿಮೆ. ನೂರು ಎಂದರೆ ತೊಂಬತ್ತೊಂಬತ್ತಕ್ಕೆ ಒಂದು ಹೆಚ್ಚು. ಸಾವಿರ ಎಂದರೆ ಸಾವಿರದ ಒಂದಕ್ಕೆ ಒಂದು ಕಡಿಮೆ. ಹೀಗೆ ಕಡಿಮೆ, ಹೆಚ್ಚು ಎಂದು ಪಾಳಿಯಂತೆ ಬರುವುದರಿಂದ ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿಯನ್ನು ಕೂಡಿ, ನಡುವೆ ಬಿಟ್ಟವುಗಳ ಮೊತ್ತವನ್ನು ಅದರಿಂದ ಕಳೆಯಬೇಕು. ಮೊದಲ ಸಂಖ್ಯೆಯಲ್ಲಿ ಇವು 42 ಮತ್ತು 36, ಶೇಷ 6. ಎರಡನೆಯದರಲ್ಲಿ 37 ಮತ್ತು 37, ಶೇಷ ಸೊನ್ನೆ. ಅಂದರೆ ಎರಡನೆಯ ಸಂಖ್ಯೆ ಹನ್ನೊಂದರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಹಾಗಿದ್ದಮೇಲೆ ಉತ್ತರವೂ ಭಾಗವಾಗಲೇಬೇಕು. ಉತ್ತರದಲ್ಲಿ ಬರುವ ಎರಡು ಮೊತ್ತಗಳು 69 ಮತ್ತು 69. ಶೇಷ ಸೊನ್ನೆಯೇ. 995ರ ಬದಲು 959 ಬರೆದಿದ್ದರೆ ಇಲ್ಲಿ ಸೊನ್ನೆಯ ಬದಲು ಎಂಟು ಉಳಿಯುತ್ತಿತ್ತು. ಅಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಸ್ಥಳ ಬದಲಿಸಿದರೆ ಹನ್ನೊಂದು ಅದನ್ನು ತಪ್ಪದೆ ಹಿಡಿಯುತ್ತದೆ.

ಈ ಗುಣದಿಂದಾಗಿಯೇ ಪುಸ್ತಕಗಳ ಬೆನ್ನಿಗೆ ಅಚ್ಚಾಗುತ್ತಿದ್ದ ಹತ್ತು ಅಂಕಿಗಳ ಐಎಸ್‌ಬಿಎನ್ ಸಂಖ್ಯೆ ಹನ್ನೊಂದರ ಲೆಕ್ಕದ ಮೇಲೆ ನಿಂತಿತ್ತು. ಶೇಷ ಹತ್ತು ಬಂದಾಗ ಬರೆಯಲು ಒಂಟಿ ಅಂಕಿ ಇಲ್ಲದ್ದರಿಂದ ಕೊನೆಯಲ್ಲಿ ಇಂಗ್ಲಿಷಿನ ಎಕ್ಸ್ ಅಕ್ಷರ ಬರುತ್ತಿತ್ತು. 2007ರಿಂದ ಹದಿಮೂರು ಅಂಕಿಗಳ ಬೇರೆ ಪದ್ಧತಿ ಬಂತು. ನಮ್ಮ ಡೆಬಿಟ್ ಕಾರ್ಡಿನ ಕೊನೆಯ ಅಂಕಿಯೂ ಆಧಾರ್ ಸಂಖ್ಯೆಯ ಕೊನೆಯ ಅಂಕಿಯೂ ಇಂಥ ಕಾವಲು ಅಂಕಿಗಳೇ. ಲೆಕ್ಕದ ರೀತಿ ಬೇರೆಯಾದರೂ ಉದ್ದೇಶ ಒಂದೇ: ಬರೆಯುವ ಕೈ ಮಾಡುವ ತಪ್ಪನ್ನು ಓದುವ ಯಂತ್ರ ಒಡನೆ ಗುರುತಿಸಬೇಕು.

ಇನ್ನೂ ಬಲವಾದ ಸಾಕ್ಷಿಗಳು ಬೇಕೆಂದರೆ ಅಂಕಿಗಳನ್ನು ಮೂರು ಮೂರರ ಗುಂಪುಗಳಾಗಿ ತೆಗೆದುಕೊಳ್ಳಬಹುದು. ಈ ಲೇಖನದಲ್ಲಿ ದೊಡ್ಡ ಸಂಖ್ಯೆಗಳನ್ನು ನಮ್ಮ ಲಕ್ಷ ಕೋಟಿಯ ಪದ್ಧತಿಯಂತೆ ವಿಂಗಡಿಸದೆ ಮೂರು ಮೂರರಂತೆ ವಿಂಗಡಿಸಿರುವುದು ಇದಕ್ಕಾಗಿಯೇ. ಸಾವಿರವು 999ಕ್ಕಿಂತ ಒಂದು ಹೆಚ್ಚು, 1001ಕ್ಕಿಂತ ಒಂದು ಕಡಿಮೆ. ಆದ್ದರಿಂದ ಗುಂಪುಗಳನ್ನು ಸುಮ್ಮನೆ ಕೂಡಿದರೆ 999ರ ಶೇಷವೂ, ಬಲದಿಂದ ಕೂಡಿ ಕಳೆದು ಕೂಡಿ ಕಳೆದು ಹೋದರೆ 1001ರ ಶೇಷವೂ ಸಿಗುತ್ತವೆ. 999ರ ಪ್ರಕಾರ ಎರಡು ಸಂಖ್ಯೆಗಳ ಶೇಷಗಳು 708 ಮತ್ತು 92. ಅವುಗಳ ಗುಣಲಬ್ಧ 65,136. ಅದನ್ನು ಮತ್ತೆ ಗುಂಪು ಮಾಡಿ ಕೂಡಿದರೆ 65 ಮತ್ತು 136 ಸೇರಿ 201. ಉತ್ತರದ ಒಂಬತ್ತು ಗುಂಪುಗಳನ್ನು ಕೂಡಿದರೆ 5,196. ಐದು ಮತ್ತು 196 ಸೇರಿ ಅದೂ 201. 1001ರ ಪ್ರಕಾರ ಶೇಷಗಳು 787 ಮತ್ತು 671. ಇವನ್ನು ಗುಣಿಸಿ 1001ರಿಂದ ಭಾಗಿಸಿದರೆ ಉಳಿಯುವುದು 550. ಉತ್ತರದ ಗುಂಪುಗಳನ್ನು ಕೂಡಿ ಕಳೆದಾಗಲೂ ಬರುವುದು 550. ಲೋಕಲಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕರೆ ದಾದರಿನಿಂದ ಬೊರಿವಲಿ ಮುಟ್ಟುವುದರೊಳಗೆ ಇಷ್ಟನ್ನೂ ಮಾಡಿ ಮುಗಿಸಬಹುದು.

ಈ ಪ್ರಶ್ನೆಗಳಿಂದ ಸಂಖ್ಯೆಯ ಒಳಗೂ ಸ್ವಲ್ಪ ಬೆಳಕು ಬೀಳುತ್ತದೆ. ಉತ್ತರ ಸೊನ್ನೆಯಲ್ಲಿ ಕೊನೆಯಾಗುವುದರಿಂದ 2 ಮತ್ತು 5 ಅದರ ಅಪವರ್ತನಗಳು. ಅಂಕಿಗಳ ಮೊತ್ತ 138 ಆದ್ದರಿಂದ 3 ಅದನ್ನು ಭಾಗಿಸುತ್ತದೆ, 9 ಭಾಗಿಸುವುದಿಲ್ಲ. 11 ಭಾಗಿಸುತ್ತದೆ. ಒಟ್ಟಿನಲ್ಲಿ 330ರಿಂದ ಅದು ನಿಶ್ಶೇಷವಾಗಿ ಭಾಗವಾಗುತ್ತದೆ. 1001 ಎಂಬುದು 7, 11, 13ರ ಗುಣಲಬ್ಧ. ಉಳಿದ 550ನ್ನು 7 ಆಗಲಿ 13 ಆಗಲಿ ಭಾಗಿಸದ ಕಾರಣ ಆ ಎರಡೂ ನಮ್ಮ ದೊಡ್ಡ ಸಂಖ್ಯೆಯನ್ನೂ ಭಾಗಿಸವು. ಕೊನೆಯಲ್ಲಿ ಒಂದೇ ಒಂದು ಸೊನ್ನೆ ಇರುವುದರಿಂದ ಅದು ಯಾವ ಪೂರ್ಣಸಂಖ್ಯೆಯ ವರ್ಗವೂ ಆಗಲಾರದು. ವರ್ಗಸಂಖ್ಯೆಯ ಕೊನೆಯಲ್ಲಿ ಸೊನ್ನೆಗಳಿದ್ದರೆ ಅವು ಜೋಡಿಯಾಗಿಯೇ ಇರಬೇಕು. ಮುಖಚಹರೆಯೇ ಇಲ್ಲವೆನಿಸಿದ್ದ ಅಪರಿಚಿತನ ಬಗ್ಗೆ ಇಷ್ಟೆಲ್ಲ ತಿಳಿಯಿತು.

ಹಾಗಾದರೆ ಶಕುಂತಲಾ ದೇವಿಯವರ ಉತ್ತರ ಸರಿಯೆಂದು ಇಷ್ಟರಿಂದ ಸಿದ್ಧವಾಯಿತೇ? ಇಲ್ಲ. 999 ಮತ್ತು 1001 ಎರಡೂ ಒಪ್ಪಿದವೆಂದರೆ, ತಪ್ಪೇನಾದರೂ ಇದ್ದರೆ ಅದು ಅವುಗಳ ಗುಣಲಬ್ಧವಾದ 9,99,999ರ ಗುಣಕವಾಗಿರಬೇಕು ಎಂದಷ್ಟೇ ಅರ್ಥ. ಸುಮ್ಮನೆ ಊಹಿಸಿದ ಉತ್ತರವೊಂದು ಎರಡನ್ನೂ ದಾಟುವ ಸಾಧ್ಯತೆ ಸುಮಾರು ಹತ್ತು ಲಕ್ಷಕ್ಕೆ ಒಂದು. ಅದು ಬಹಳ ಸಣ್ಣದು, ಆದರೆ ಸೊನ್ನೆಯಲ್ಲ. ಇಲ್ಲಿಯೇ ಗಣಿತದ ಒಂದು ಚೆಲುವಾದ ಮಾತಿದೆ. ತಮ್ಮತಮ್ಮೊಳಗೆ ಸಾಮಾನ್ಯ ಅಪವರ್ತನವಿಲ್ಲದ ಸಾಕ್ಷಿಗಳನ್ನು ಒಂದೊಂದಾಗಿ ಕರೆಯುತ್ತಾ ಹೋಗಿ. ಅವುಗಳ ಗುಣಲಬ್ಧ 26 ಅಂಕಿಗಳನ್ನು ಮೀರುವ ತನಕ ಎಲ್ಲವೂ ಒಪ್ಪಿದರೆ ತಪ್ಪಿಗೆ ಅಡಗಲು ಜಾಗವೇ ಉಳಿಯುವುದಿಲ್ಲ. ಯಾಕೆಂದರೆ 26 ಅಂಕಿಗಳ ಎರಡು ಸಂಖ್ಯೆಗಳ ವ್ಯತ್ಯಾಸ ಅಷ್ಟು ದೊಡ್ಡ ಸಂಖ್ಯೆಯ ಗುಣಕವಾಗಬೇಕಾದರೆ ಅದು ಸೊನ್ನೆಯೇ ಆಗಿರಬೇಕು. ಒಬ್ಬೊಬ್ಬರೂ ಅಲ್ಪವನ್ನು ಮಾತ್ರ ಬಲ್ಲ ಸಾಕ್ಷಿಗಳು ಸಾಕಷ್ಟು ಮಂದಿ ಸೇರಿದಾಗ ಅವರ ಮಾತೇ ತೀರ್ಪಾಗುತ್ತದೆ.

ಆಸಕ್ತರು ಇದನ್ನು ಶಕುಂತಲಾ ದೇವಿಯವರ ಇನ್ನೊಂದು ಸಾಧನೆಯ ಮೇಲೂ ಪ್ರಯೋಗಿಸಬಹುದು. 1977ರಲ್ಲಿ ಅಮೆರಿಕದ ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು ಆಕೆ 50 ಸೆಕೆಂಡುಗಳಲ್ಲಿ ಹೇಳಿದ್ದರು. ಆ ಮೂಲ 546,372,891. ಒಂದರಿಂದ ಒಂಬತ್ತರವರೆಗಿನ ಪ್ರತಿಯೊಂದು ಅಂಕಿಯೂ ಅದರಲ್ಲಿ ಒಂದೊಂದೇ ಬಾರಿ ಬಂದಿದೆ. ಅಂಕಿಗಳ ಮೊತ್ತ 45, ಆದ್ದರಿಂದ ಅದು ಒಂಬತ್ತರ ಗುಣಕ. ಅದನ್ನೇ 23 ಬಾರಿ ಗುಣಿಸಿ ಬಂದ 201 ಅಂಕಿಗಳ ಆ ಸಂಖ್ಯೆಯನ್ನು ಒಂಬತ್ತರಿಂದ ಒಂದರ ಮೇಲೊಂದರಂತೆ 23 ಬಾರಿ ಭಾಗಿಸಿದರೂ ಶೇಷ ಉಳಿಯದು. ಆ ಸಂಖ್ಯೆಯನ್ನು ಕಣ್ಣಿನಿಂದ ನೋಡದೆಯೇ ನಾವು ಇದನ್ನು ಖಚಿತವಾಗಿ ಹೇಳಬಹುದು.

ಇಂದು ನಮ್ಮ ಶಾಖೆಯಲ್ಲಿ ಕೈಬರಹದ ಲೆಡ್ಜರುಗಳಿಲ್ಲ. ಯಂತ್ರ ಕೂಡುತ್ತದೆ, ಯಂತ್ರವೇ ತಾಳೆ ನೋಡುತ್ತದೆ. ಆದರೆ ಹೆಸರು, ಮೊತ್ತ, ಖಾತೆಯ ಸಂಖ್ಯೆಗಳನ್ನು ಯಂತ್ರಕ್ಕೆ ಕೊಡುವವರು ಇನ್ನೂ ಮನುಷ್ಯರೇ. ಅವರ ಬೆರಳು ಇನ್ನೂ ಅದಲುಬದಲು ಮಾಡುತ್ತದೆ. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ವ್ಯತ್ಯಾಸ ಬಂತೆಂದು ಮುಖ ಸಣ್ಣದು ಮಾಡಿಕೊಂಡು ಬಂದಾಗ ನಾನು ಮೊದಲು ಒಂಬತ್ತರಿಂದ ಭಾಗಿಸಲು ಹೇಳುತ್ತೇನೆ. ಶೇಷ ಉಳಿಯದೆ ಹೋಗಿ ಅವರ ಮುಖ ಅರಳಿದಾಗ, ಆ ಹಿರಿಯರ ಎರಡನೆಯ ಮಾತನ್ನೂ ತಪ್ಪದೆ ಹೇಳುತ್ತೇನೆ.